ಜಗ್ಗಿ ನೋಡಿದ ಹಲ್ಲು

ನೇಕಾರರ ಮನೆಯಲ್ಲಿ ಹಲ್ಲೆಂದರೆ ಮೂರನೆಯ ಕೈ. ಎರಡೂ ಕೈಯಲ್ಲಿ ಎಳೆ ಹಿಡಿದು ಕೂತಿರುತ್ತೇವೆ, ಕತ್ತರಿ ಎಲ್ಲೋ ಮಾರಾಚೆ ಬಿದ್ದಿರುತ್ತದೆ, ಎದ್ದು ಹೋಗಿ ಅದನ್ನು ತರುವವರು ಯಾರು? ಎಳೆಯನ್ನು ಬಾಯಿಗೆ ಒಯ್ದು ಕಟ್ ಎನ್ನಿಸಿದರೆ ಕೆಲಸ ಮುಗಿಯಿತು. ಹೀಗೆ ಕಚ್ಚಿ ಕಚ್ಚಿ ನನ್ನ ಮೇಲಿನ ಸಾಲಿನ ಮುಂದಿನ ಹಲ್ಲಿನಲ್ಲಿ ಒಂದು ಸಣ್ಣ ಗೀರು ಬಿದ್ದಿತ್ತು. ಎಳೆ ಅದರಲ್ಲಿ ಬಂದು ತಾನೇ ಕೂರುತ್ತಿತ್ತು. ಸುಳ್ಳೇಕೆ ಹೇಳಲಿ, ನನಗೆ ಆ ಗೀರಿನ ಬಗ್ಗೆ ಒಂದಿಷ್ಟು ಹೆಮ್ಮೆಯೇ ಇತ್ತು.

ಆ ಹಲ್ಲನ್ನು ಕೆಡವಿದ್ದು ಮಾತ್ರ ಎಳೆಯಲ್ಲ, ಅಮೀನಗಡದ ಕರದಂಟು. ನನ್ನ ತಮ್ಮ ಬರುವಾಗಲೆಲ್ಲ ಒಂದು ಡಬ್ಬಿ ತರುತ್ತಾನೆ. ಅವತ್ತು ಬೆಲ್ಲದ ಪಾಕ ಗಟ್ಟಿಯಾಗಿತ್ತೋ, ನನ್ನ ಆಸೆಯೇ ದೊಡ್ಡದಾಗಿತ್ತೋ, ಕಚ್ಚಿದ ಕೂಡಲೇ ಹಲ್ಲಿನ ಬುಡದಲ್ಲಿ ಲಟಕ್ ಎಂದಿತು. ನೋವೇನೂ ಆಗಲಿಲ್ಲ. ನೋವಾಗದ್ದನ್ನು ದವಾಖಾನೆಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಏಳುತ್ತೇನೆ, ತುಟಿಯಿಂದ ಕಣ್ಣಿನ ಕೆಳಗಿನವರೆಗೆ ಮುಖ ಬಾತು ನಿಂತಿದೆ. ಮೈ ಕಾದ ಹಂಚಾಗಿದೆ. ನಮ್ಮ ಮನೆಯವರು ನಗಬೇಕೋ ಅಳಬೇಕೋ ತಿಳಿಯದೆ ಬಾಗಿಲಲ್ಲೇ ನಿಂತರು. ಪಕ್ಕದ ಮನೆಯ ಕಮಲಕ್ಕ ಬಂದಳು. ತನ್ನ ಮಾವನಿಗೂ ಹೀಗೇ ಬಾತಿತ್ತು, ಹಲ್ಲೇ ಇರಬೇಕೆಂದುಕೊಂಡಿದ್ದರು, ಆಮೇಲೆ ನೋಡಿದರೆ ಅದು ಬೇರೆಯೇ ಬೇನೆ, ಆತ ಆ ವರ್ಷವೇ ಹೋದ ಎಂದು ಧೈರ್ಯ ಹೇಳಿ ಹೋದಳು. ಆಕೆ ಧೈರ್ಯ ಹೇಳುವ ರೀತಿಯೇ ಹಾಗೆ.

ಇಳಕಲ್ಲಿನ ಹಲ್ಲಿನ ಡಾಕ್ಟರು ಫೋಟೋ ತೆಗೆದು ನೋಡುವಷ್ಟು ಹೊತ್ತು ನಾನು ಕಮಲಕ್ಕನ ಮಾವನನ್ನೇ ನೆನೆಯುತ್ತ ಕೂತಿದ್ದೆ. ಬೇರೆ ಬೇನೆ ಏನೂ ಇರಲಿಲ್ಲ. ಹಲ್ಲು ಬೇರಿನ ತುದಿಯವರೆಗೆ ಸೀಳಿತ್ತು, ಕೀವು ತುಂಬಿತ್ತು, ಆ ಕೀವು ಸುತ್ತಲಿನ ಎಲುಬನ್ನೂ ತಿಂದಿತ್ತು. ಹಲ್ಲನ್ನು ಕಿತ್ತರು, ಔಷಧ ಕೊಟ್ಟರು. ಗಾಯ ಮಾಯ್ದ ಮೇಲೆ ತೆಗೆದು ಹಾಕುವಂಥ ಒಂದು ಪ್ಲೇಟಿನ ಹಲ್ಲು ಮಾಡಿಕೊಟ್ಟರು. ಅಂಗುಳಕ್ಕೆ ಅಂಟಿಕೊಂಡಿರುವ ಗುಲಾಬಿ ಬಣ್ಣದ ತಗಡು, ಅದರ ತುದಿಗೆ ಒಂಟಿ ಹಲ್ಲು. ಬದುಕಿದೆನಲ್ಲ, ಅಷ್ಟು ಸಾಕು ಎಂದುಕೊಂಡೆ.

ಸಾಕಾಗಲಿಲ್ಲ. ಯಾಕೆಂದು ತಿಳಿಯಬೇಕಾದರೆ ನಮ್ಮ ಕೊಂಡಿಯ ಬಗ್ಗೆ ಹೇಳಬೇಕು.

ಇಳಕಲ್ಲ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ಎಳೆಗಳ, ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೇ ಕೊಂಡಿ ಎನ್ನುತ್ತೇವೆ. ಆಮೇಲೆ ಅದು ಮಗ್ಗಕ್ಕೆ ಏರುತ್ತದೆ. ಕೊಂಡಿ ಹಾಕುವುದು ಹೆಂಗಸರ ಕೆಲಸ. ನಮ್ಮ ಪಡಸಾಲೆಯಲ್ಲಿ ಹಾಸುಗಳನ್ನು ಬಿಗಿದು, ಎದುರುಬದುರು ಕೂತು, ಎಳೆಯ ಮೇಲೆ ಕಣ್ಣು, ಬಾಯಲ್ಲಿ ಊರ ಸುದ್ದಿ. ಕೂಡಿಸಿದ ಮೇಲೆ ಹಿಡಿ ಹಿಡಿ ಎಳೆಯನ್ನು ಜಗ್ಗಿ ನೋಡುತ್ತೇವೆ. ಜಗ್ಗಿ ನೋಡದ ಕೊಂಡಿಯನ್ನು ನನ್ನ ಅತ್ತೆ ಮಗ್ಗದ ಹತ್ತಿರ ಬಿಡುವುದಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಬಾಯಲ್ಲಿ ಒಂದೂ ಹಲ್ಲಿಲ್ಲ, ಆದರೆ ಸಡಿಲಾದ ಎಳೆ ಆಕೆಯ ಬೆರಳಿಗೆ ಸಿಕ್ಕದೆ ಹೋದದ್ದಿಲ್ಲ.

ಆ ಕೂಟದಲ್ಲಿ ನನ್ನ ಕೆಲಸ ಎರಡು, ಕೊಂಡಿ ಹಾಕುವುದು ಮತ್ತು ನಗುವುದು. ನನ್ನ ನಗು ಸಣ್ಣದಲ್ಲ. ಗಿರಿಜಾ ನಕ್ಕರೆ ಮೂರು ಮನೆಯಾಚೆ ಮಗ್ಗ ನಿಲ್ಲುತ್ತದೆ ಎಂದು ನಮ್ಮವರು ಬೀಗರ ಮುಂದೆಯೂ ಹೇಳುತ್ತಿದ್ದರು. ಪ್ಲೇಟು ಹಾಕಿಸಿಕೊಂಡು ಬಂದ ಹೊಸತರಲ್ಲಿ ಒಂದು ದಿನ ಕಮಲಕ್ಕ ಯಾರದೋ ಮದುವೆಯಲ್ಲಿ ಬೀಗರು ಚಪ್ಪಲಿ ಕಳೆದುಕೊಂಡು ತಮ್ಮ ಅತ್ತೆಯ ಚಪ್ಪಲಿ ಮೆಟ್ಟಿ ಊರಿಗೆ ಹೋದ ಕಥೆ ಹೇಳಿದಳು. ನಾನು ತಲೆ ಹಿಂದಕ್ಕೆ ಹಾಕಿ ನಕ್ಕೆ. ಹಲ್ಲು ಪ್ಲೇಟಿನ ಸಮೇತ ಹಾರಿ ಕೆಂಪು ಎಳೆಗಳ ನಡುವೆ ಬಿತ್ತು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಎಳೆಗಳಲ್ಲಿ ಸಿಕ್ಕಿಕೊಂಡ ಅದನ್ನು ಬಿಡಿಸಿ, ತೊಳೆದು, ಮತ್ತೆ ಬಾಯಿಗೆ ಹಾಕಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಮುಖ ನೋಡಿದೆ. ಅವತ್ತಿನಿಂದ ನಗು ಬಂದಾಗಲೆಲ್ಲ ಸೆರಗು ಬಾಯಿಗೆ ಬರತೊಡಗಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಖರೆಯಾಯಿತು. ಆದರೆ ಕೊಂಡಿ ಹಾಕುವಾಗ ಎರಡು ಕೈಯೂ ಎಳೆಯಲ್ಲಿರುತ್ತವೆ. ಬಾಯಿಗೆ ಸೆರಗು ಹಿಡಿಯುವವರು ಯಾರು? ಒಲೆ ಮೇಲೆ ಸಾರಿದೆ ಎಂದೆ, ಸೊಂಟ ನೋಯುತ್ತದೆ ಎಂದೆ, ಕೊನೆಗೆ ಕೊಂಡಿಗೆ ಕೂರುವುದನ್ನೇ ಬಿಟ್ಟೆ. ಪಡಸಾಲೆಯಲ್ಲಿ ಅವರೆಲ್ಲ ಕೂತರೆ ನಾನು ಅಡುಗೆಮನೆಯಲ್ಲಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದೆ.

ಅದನ್ನು ಕಂಡು ಹಿಡಿದವಳು ಅತ್ತೆ. ಒಂದು ಹಲ್ಲಿಗೆ ಇಷ್ಟು ಚಿಂತೆಯೇ, ನಾನು ಹಲ್ಲಿಲ್ಲದೆ ಇಷ್ಟು ವರ್ಷ ಊರ ಜೋಡಿ ಜಗಳಾಡಿಲ್ಲವೇ ಎಂದು ಮೊದಮೊದಲು ಅಣಕಿಸುತ್ತಿದ್ದಳು. ಒಂದು ಮಧ್ಯಾಹ್ನ ಹಾಲಿನಲ್ಲಿ ರೊಟ್ಟಿ ನೆನೆಹಾಕುತ್ತ ಕೂತವಳು ತಲೆ ಎತ್ತದೆ ಹೇಳಿದಳು.

"ನೀ ನಗೂದು ಬಿಟ್ಟಿ. ಮಂದಿ ಬರ್ತಾರ, ಕೊಂಡಿ ಹಾಕ್ತಾರ, ಹೋಗ್ತಾರ. ಮೊದಲ ಹಿಂಗಿರಲಿಲ್ಲ. ಬಾಗಲಕೋಟಿಗೆ ಹೋಗಿ ಆ ಹಲ್ಲು ಗಟ್ಟಿ ಕೂಡಿಸ್ಕೊಂಡು ಬಾ. ನನಗ ನಗೂ ಸೊಸಿ ಬೇಕು."

 ಅತ್ತೆಯಿಂದ ಇಂಥ ಮಾತು ಕೇಳಿ ರೂಢಿಯಿಲ್ಲ.

ಬಾಗಲಕೋಟೆಯ ದೊಡ್ಡ ಹಲ್ಲಿನ ದವಾಖಾನೆಗೆ ನಮ್ಮವರೇ ಕರೆದುಕೊಂಡು ಹೋದರು. ಅಲ್ಲಿಯ ಕಾಯುವ ಹಾಲ್ ನೋಡಿದ ಕೂಡಲೇ ನನ್ನ ಅರ್ಧ ಬೇನೆ ಹೋಯಿತು. ಇಡೀ ಜಿಲ್ಲೆಯೇ ಕೆನ್ನೆಗೆ ಕೈ ಹಚ್ಚಿಕೊಂಡು ಅಲ್ಲಿ ಕೂತಿತ್ತು. ಸೆರಗು ಬಾಯಿಗೆ ಹಿಡಿದವರು, ಟವೆಲ್ಲು ಹಿಡಿದವರು, ಬರೀ ಅಂಗೈ ಹಿಡಿದವರು. ನಾನೊಬ್ಬಳೇ ಎಂದುಕೊಂಡಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ನಮ್ಮ ಡಾಕ್ಟರು ಒಬ್ಬ ಹೆಣ್ಣುಮಗಳು, ಬಾಗಲಕೋಟೆಯ ಕಡೆಯವರೇ, ಮಾತು ನಮ್ಮ ಮನೆಯ ಮಾತು. ಎಲುಬು ತೆಳುವಾಗಿದೆ, ಮೊದಲು ಅಲ್ಲಿ ಎಲುಬಿನ ಪುಡಿ ತುಂಬಿ ಬೆಳೆಯಲು ಬಿಡಬೇಕು, ಆಮೇಲೆ ಒಂದು ಸ್ಕ್ರೂ ಕೂಡಿಸಬೇಕು, ಎಲುಬು ಅದನ್ನು ಹಿಡಿದುಕೊಂಡ ಮೇಲೆ ಅದರ ಮೇಲೆ ಹಲ್ಲು ಎಂದು ವಿವರಿಸಿದರು. ಸ್ಕ್ರೂ ಎಂಬ ಮಾತು ಕೇಳಿ ನಮ್ಮವರು ತಮ್ಮ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡರು.

ಪುಡಿ ತುಂಬಿದ್ದಾಯಿತು, ಕಾದದ್ದಾಯಿತು, ಸ್ಕ್ರೂ ಕೂಡಿಸುವ ದಿನವೂ ಬಂತು. ಬಾಯಿ ಜೋಮು ಹಿಡಿದಿತ್ತು, ನೋವು ಗೊತ್ತಾಗಲಿಲ್ಲ. ಆದರೆ ತಲೆಯೊಳಗೆ ಗುರ್ ಎಂಬ ಸದ್ದು ಕೇಳುತ್ತಿತ್ತು. ಅಲ್ಲಿಯ ಆಯಾ ಒಬ್ಬಳು, ಹೆಸರು ಕೂಡ ಕೇಳಲಾಗಲಿಲ್ಲ, ನನ್ನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡು ಕೊನೆಯವರೆಗೂ ನಿಂತಳು. ಆ ಕೈ ಎಷ್ಟು ಬೆಚ್ಚಗಿತ್ತೆಂಬುದು ಈಗಲೂ ನೆನಪಿದೆ.

ಮುಗಿದ ಮೇಲೆ ಡಾಕ್ಟರು ಸ್ಕ್ರೂ ಮೇಲೆ ಒಂದು ಸಣ್ಣ ಕಡ್ಡಿ ಕೂಡಿಸಿ, ಪೆನ್ನಿನಂಥ ಒಂದು ಯಂತ್ರವನ್ನು ಹತ್ತಿರ ಹಿಡಿದರು. ಮುಟ್ಟಿಸಲಿಲ್ಲ. ಅದು ಟೀಂ ಎಂದಿತು, ಅದರ ಮೇಲೆ ಒಂದು ಅಂಕಿ ಮೂಡಿತು. ಸ್ಕ್ರೂ ಎಷ್ಟು ಗಟ್ಟಿ ನಿಂತಿದೆ ಎಂದು ಹೇಳುವ ಅಂಕಿಯಂತೆ. ನೂರರೊಳಗೆ ಎಪ್ಪತ್ತರ ಹತ್ತಿರ ಬಂದರೆ ಧೈರ್ಯವಾಗಿ ಹಲ್ಲು ಕೂಡಿಸಬಹುದು ಎಂದರು. ನನ್ನದು ಐವತ್ತನ್ನೂ ಮುಟ್ಟಿರಲಿಲ್ಲ.

"ಅಕ್ಕಾರ, ಖರೇ ಹೇಳ್ತೇನ್ರಿ," ಎಂದರು ಡಾಕ್ಟರು. "ಸ್ಕ್ರೂ ಕುಂತೈತಿ, ಎಲುಬು ಇನ್ನೂ ಹಿಡಕೊಂಡಿಲ್ಲ. ಹಿಡಕೊಂಡ್ರ ಹಲ್ಲು ಕೂಡಸ್ತೇನಿ. ಹಿಡೀಲಿಲ್ಲಂದ್ರ ತಗೀಬೇಕಾಗ್ತೈತಿ. ಆಮ್ಯಾಲ ಇನ್ನೊಂದಕ್ಕ ಅಲ್ಲಿ ಜಾಗಾ ಸಿಗೂದು ಕಷ್ಟ್ರಿ."

ಅಂದರೆ ಮುಂದೆ ಜೀವಮಾನ ಪೂರ್ತಿ ಆ ಗುಲಾಬಿ ತಗಡು. ಒಸಡು ಮುಚ್ಚಿ ಹೊಲಿಗೆ ಹಾಕಿ ಕಳಿಸಿದರು. ಮನೆಗೆ ಬಂದು ಆ ಅಂಕಿಯ ವಿಷಯ ಹೇಳಿದರೆ ಅತ್ತೆ ಕೇಳಿದ ಮೊದಲ ಪ್ರಶ್ನೆ ಎಷ್ಟು ಬಿತ್ತು ಎಂಬುದು. ನಮ್ಮವರು ಐವತ್ತರೊಳಗೆ ಎಂದರು. ಪಾಸಿಗೆ ಮೂವತ್ತೈದು ಸಾಕಲ್ಲ ಎಂದಳು ಅತ್ತೆ. ಈ ಪರೀಕ್ಷೆಯಲ್ಲಿ ಹಾಗಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಒಸಡಿನ ಕೆಳಗೆ ಏನು ನಡೆದಿದೆ ಎಂದು ತಿಳಿಯದೆ ಕಾಯುವುದಿದೆಯಲ್ಲ, ಅದರ ಮುಂದೆ ಕೀವಿನ ನೋವು ಏನೂ ಅಲ್ಲ. ಹಿಡಿಯಿತೋ ಇಲ್ಲವೋ, ಹಿಡಿಯಿತೋ ಇಲ್ಲವೋ. ರೊಟ್ಟಿ ಬಡಿಯುವಾಗ ಕೈ ಅದೇ ತಾಳ ಹಾಕುತ್ತಿತ್ತು. ಮುಂದಿನ ಸಲ ಬಾಗಲಕೋಟೆಗೆ ಹೋದಾಗ ಹಾಲ್‌ನಲ್ಲಿ ಬಾದಾಮಿ ಕಡೆಯ ಒಬ್ಬ ಅಜ್ಜ ಪಕ್ಕದಲ್ಲಿ ಕೂತಿದ್ದ. ಯಾವ ಊರು, ಏನು ಬೇನೆ ಎಂದೆಲ್ಲ ವಿಚಾರಿಸಿದ. ಅವನಿಗೂ ಸ್ಕ್ರೂ ಹಲ್ಲು ಹಾಕಿ ವರ್ಷವಾಗಿತ್ತಂತೆ, ಸುಮ್ಮನೆ ತೋರಿಸಿಕೊಂಡು ಹೋಗಲು ಬಂದಿದ್ದ. ನನ್ನ ಮುಖ ನೋಡಿ ಏನನ್ನಿಸಿತೋ, ಅಂಗಿಯ ಕಿಸೆಯಿಂದ ಒಂದು ಹುರಿಗಡಲೆ ತೆಗೆದು ಬಾಯಿಗೆ ಹಾಕಿ ಕಟಂ ಎನ್ನಿಸಿದ. ಹಾಲ್‌ನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಹಲ್ಲಿದ್ದಾಗ ಕಡ್ಲಿ ಇರಲಿಲ್ಲವ್ವಾ, ಕಡ್ಲಿ ಬಂದಾಗ ಹಲ್ಲು ಹ್ವಾದ್ವು," ಎಂದ. "ಈಗ ನೋಡು, ಎರಡೂ ಕೂಡಿ ಬಂದಾವ."

ಅವನ ಹೆಸರು ನನಗೆ ಗೊತ್ತಿಲ್ಲ. ಆದರೆ ಆ ಕಟಂ ಸದ್ದು ನನ್ನ ಜೊತೆ ಇಳಕಲ್ಲಿನವರೆಗೂ ಬಂತು.

ಅವತ್ತು ಡಾಕ್ಟರು ಒಸಡು ಬಿಡಿಸಿ ಮತ್ತೆ ಯಂತ್ರ ಹಿಡಿದರು. ಅಂಕಿ ಏರಿತ್ತು. ಆದರೆ ಬೇಕಾದಷ್ಟಲ್ಲ. ಇನ್ನಷ್ಟು ದಿನ ತಡೆಯೋಣ ಎಂದು ಸ್ಕ್ರೂ ಮೇಲೆ ಒಂದು ಸಣ್ಣ ಉಕ್ಕಿನ ಮುಚ್ಚಳ ತಿರುವಿ ಕೂಡಿಸಿದರು. ಒಸಡಿನಿಂದ ಸ್ವಲ್ಪವೇ ಹೊರಗೆ ಕಾಣುವ, ಸಾಬೂದಾಣಿ ಕಾಳಿನಷ್ಟು ದಪ್ಪದ ಹೊಳೆಯುವ ಗುಂಡಿ. ಅದಕ್ಕೆ ತೊಂದರೆ ಕೊಡಬೇಡಿ, ಸುಮ್ಮನಿರಲು ಬಿಡಿ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಸುಮ್ಮನಿರಲು ಬಿಡುವುದು ಹೇಗೆ? ಒಸಡಿನ ಕೆಳಗಿದ್ದಾಗ ಕಾಣುತ್ತಿರಲಿಲ್ಲ, ಈಗ ಕಾಣುತ್ತಿದೆ. ಕನ್ನಡಿಯ ಮುಂದೆ ಹೋದಾಗಲೆಲ್ಲ ಮಿಂಚುತ್ತದೆ. ಡಾಕ್ಟರರ ಹತ್ತಿರ ಯಂತ್ರವಿದೆ, ನನ್ನ ಹತ್ತಿರ ಏನಿದೆ? ನಾನು ಹುಟ್ಟಿದಾಗಿನಿಂದ ಕಲಿತದ್ದು ಒಂದೇ, ಕೂಡಿಸಿದ್ದನ್ನು ಜಗ್ಗಿ ನೋಡುವುದು. ಮುಂದಿನ ತಪಾಸಣೆಗೆ ಒಂದು ವಾರವಿದ್ದಾಗ, ಅತ್ತೆ ಗುಡಿಗೆ ಹೋದ ಹೊತ್ತು, ನಮ್ಮವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಹೊತ್ತು, ಪಡಸಾಲೆಯಿಂದ ಒಂದು ಕೆಂಪು ರೇಷ್ಮೆ ಎಳೆಯನ್ನು ಬಚ್ಚಲಿಗೆ ಒಯ್ದೆ. ಗಟ್ಟಿ ಹಿಡಿಯಲೆಂದು ಗುಂಡಿಯ ಕತ್ತಿಗೆ ನಾಲ್ಕು ಸುತ್ತು ಸುತ್ತಿದೆ. ಮೆಲ್ಲಗೆ ಜಗ್ಗಿದೆ. ಅಲುಗಲಿಲ್ಲ. ಅಷ್ಟಕ್ಕೇ ಬಿಡಬೇಕಿತ್ತು. ಅತ್ತೆ ಕೊಂಡಿಯನ್ನು ಒಂದೇ ಸಲ ಜಗ್ಗುತ್ತಾಳೆಯೇ? ಇನ್ನೊಮ್ಮೆ, ಸ್ವಲ್ಪ ಜೋರಾಗಿ ಜಗ್ಗಿದೆ.

ಬಚ್ಚಲಿನ ಕಲ್ಲಿನ ಮೇಲೆ ಟಣ್ ಎಂದಿತು.

 ಬಗ್ಗಿ ನೋಡಿದರೆ ಆ ಉಕ್ಕಿನ ಚೂರು, ಅದಕ್ಕೊಂದು ಸಣ್ಣ ಬಾಲ, ಬಾಲಕ್ಕೆ ಸ್ಕ್ರೂವಿನ ಗೆರೆಗಳು. ಕಿತ್ತು ಬಂದಿತ್ತು. ತಿಂಗಳುಗಟ್ಟಲೆ ಕಾದದ್ದು, ಆ ಆಯಾ ಹಿಡಿದ ಕೈ, ಅಜ್ಜನ ಕಡಲೆ, ಎಲ್ಲವನ್ನೂ ಒಂದು ಎಳೆ ಹಾಕಿ ನಾನೇ ಕಿತ್ತು ಹಾಕಿದ್ದೆ. ಬಚ್ಚಲ ಬಾಗಿಲಲ್ಲೇ ಕುಕ್ಕರಿಸಿ ಅತ್ತುಬಿಟ್ಟೆ. ಹಲ್ಲಿಗಾಗಿ ಅಲ್ಲ, ಪಡಸಾಲೆಗಾಗಿ. ಇನ್ನು ಆ ಹಾಸಿನ ಮುಂದೆ ನಾನು ಕೂರುವುದಿಲ್ಲ ಎಂದು ಗಟ್ಟಿಯಾಗಿ ಅನ್ನಿಸಿತು.

ನಮ್ಮವರಿಗೆ ಅದು ತಾನಾಗಿಯೇ ಬಿತ್ತು ಎಂದಷ್ಟೇ ಹೇಳಿದೆ. ಅವರು ಕುಣಿಯಿಂದ ಎದ್ದು ಅಂಗಿ ಹಾಕಿಕೊಂಡರು. ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದೆ. ಹುನಗುಂದ ದಾಟಿತು. ಅಮೀನಗಡದಲ್ಲಿ ಸಾಲು ಸಾಲು ಕರದಂಟಿನ ಅಂಗಡಿಗಳು ಬಂದಾಗ ನಾನು ಮುಖ ತಿರುಗಿಸಿದೆ. ಯಾವಾಗಲೂ ಒಂದಲ್ಲ ಒಂದು ಚೇಷ್ಟೆ ಮಾಡುವ ಮನುಷ್ಯನ ಕೈ ದಾರಿಯುದ್ದಕ್ಕೂ ಟಿಕೆಟನ್ನು ಮಡಿಚುತ್ತ ಬಿಚ್ಚುತ್ತ ಇತ್ತು. ಬಾಗಲಕೋಟೆ ಹತ್ತಿರ ಬಂದಾಗ ಮಾತ್ರ ಕಿಟಕಿಯ ಹೊರಗೆ ನೋಡುತ್ತ ಮೆಲ್ಲಗೆ ಹೇಳಿದರು.

"ಹಲ್ಲು ಹ್ವಾದ್ರ ಹೋಗಲಿ. ನೀ ಹಂಗ ನಗು. ಬಿದ್ರ ನಾ ಹಿಡೀತೇನಿ."

ಅಷ್ಟು ದುಃಖದಲ್ಲೂ ನಗು ಬಂತು, ಸೆರಗು ಹಿಡಿಯಲು ಹೋದರೆ ಸೆರಗಿನಲ್ಲಿ ಗಂಟು.

ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಮಲಗಿಸಿ ದೀಪ ಹಾಕಿ ನೋಡಿದರು.  ಚಿಮಟಿಗೆ ತೆಗೆದುಕೊಂಡು ಏನನ್ನೋ ಮೆಲ್ಲಗೆ ಎಳೆದರು. ಎಳೆಯುತ್ತಲೇ ಇದ್ದರು. ದೀಪದ ಬೆಳಕಿಗೆ ಹಿಡಿದು ನೋಡಿದರೆ ಗೇಣುದ್ದದ ಕೆಂಪು ರೇಷ್ಮೆ. ಗಾಬರಿಯಲ್ಲಿ ಎಳೆ ತುಂಡಾಗಿ ಒಸಡಿನ ಸಂದಿಯಲ್ಲಿ ಸಿಕ್ಕಿ ಉಳಿದದ್ದು ನನಗೆ ಗೊತ್ತೇ ಆಗಿರಲಿಲ್ಲ.

"ಇದೇನ್ರಿ ಅಕ್ಕಾರ? ಬಾಯಾಗ ಸೀರಿ ನೇಯಾಕ ಹತ್ತೀರೇನು?"

ನಮ್ಮವರು ನನ್ನ ಮುಖ ನೋಡಿದರು. ಇನ್ನು ಮುಚ್ಚಿಡುವುದು ಏನಿತ್ತು? ಸುತ್ತಿದ್ದು, ಜಗ್ಗಿದ್ದು ಎಲ್ಲ ಹೇಳಿದೆ. ಸೆರಗಿನ ಗಂಟು ಬಿಚ್ಚಿ ಚೂರನ್ನು ಅಂಗೈಯಲ್ಲಿಟ್ಟೆ. ಡಾಕ್ಟರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮುಖದ ಮಾಸ್ಕು ಕೆಳಗೆಳೆದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೆ ಸಿಟ್ಟೇ ಬಂತು. ನನ್ನ ಜೀವ ಹೋಗುತ್ತಿದೆ, ಈಕೆಗೆ ನಗೆ.

ಆಮೇಲೆ ತಿಳಿಸಿ ಹೇಳಿದರು. ಬಿದ್ದದ್ದು ಬರೀ ಮುಚ್ಚಳ. ಎಲುಬಿನೊಳಗಿನ ಸ್ಕ್ರೂ ಬೇರೆ, ಅದು ಇದ್ದಲ್ಲೇ ಇದೆ. ನಾನು ಎಳೆ ಸುತ್ತಿ ಜಗ್ಗಿದಾಗ, ಬುಗುರಿಗೆ ದಾರ ಸುತ್ತಿ ಎಳೆದಂತಾಗಿ, ಮುಚ್ಚಳ ಗರಗರ ತಿರುಗಿ ಬಿಚ್ಚಿಕೊಂಡಿದೆ. ಇಷ್ಟು ಜನರ ಬಾಯಿ ನೋಡಿದ್ದೇನೆ, ಹೀಗೆ ಬಿಚ್ಚಿದವರನ್ನು ಕಂಡಿಲ್ಲ ಎಂದರು. ಹಾಗೆಂದವರೇ ಗಂಭೀರವಾಗಿ, ಆದರೂ ಒಳಗಿನದು ಅಲುಗಿದೆಯೋ ಇಲ್ಲವೋ ನೋಡಲೇಬೇಕು ಎಂದು ಆ ಸಣ್ಣ ಕಡ್ಡಿಯನ್ನು ತೆಗೆದರು. ಆಗಷ್ಟೇ ಬಂದಿದ್ದ ನನ್ನ ನಗು ಅಲ್ಲೇ ಆರಿತು.

"ನಾವೂ ಜಗ್ಗೇ ನೋಡ್ತೇವ್ರಿ," ಎಂದರು, ಕಡ್ಡಿ ಕೂಡಿಸುತ್ತ. "ಆದ್ರ ಕೈ ಹಚ್ಚಂಗಿಲ್ಲ. ಸ್ವಲ್ಪ ನಡುಗಿಸ್ತೇವಿ. ಗಟ್ಟಿ ಇದ್ದದ್ದು ಒಂದು ನಮೂನಿ ನಡುಗ್ತೈತಿ, ಸಡ್ಲ ಇದ್ದದ್ದು ಇನ್ನೊಂದು ನಮೂನಿ."

ನಾನು ಕಣ್ಣು ಮುಚ್ಚಿಕೊಂಡೆ. ಒಂದು ಬೆಚ್ಚಗಿನ ಕೈ ನನ್ನ ಕೈ ಹಿಡಿಯಿತು, ಅದೇ ಆಯಾ, ಯಾವಾಗ ಬಂದಳೋ. ಯಂತ್ರ ಟೀಂ ಎಂದಿತು. ಡಾಕ್ಟರು ಇನ್ನೊಂದು ಮಗ್ಗುಲಿನಿಂದ ಹಿಡಿದರು. ಮತ್ತೆ ಟೀಂ.  ಕಣ್ಣು ಬಿಟ್ಟರೆ ಡಾಕ್ಟರು ಯಂತ್ರವನ್ನು ನನ್ನ ಕಡೆ ತಿರುಗಿಸಿ ಹಿಡಿದಿದ್ದರು. ಎಪ್ಪತ್ತೆರಡು.

"ನಿಮ್ಮ ಎಲುಬು ಭಾಳ ಗಟ್ಟಿ ಕೊಂಡಿ ಹಾಕೇತ್ರಿ ಅಕ್ಕಾರ," ಎಂದರು.

ನಮ್ಮವರು ಎದ್ದು ಬಂದು ಅಂಕಿಯನ್ನು ತಾವೇ ಓದಿದರು. ಹತ್ತನೇ ಇಯತ್ತೆಯನ್ನು ಮೂರು ಸಲ ಬರೆದ ಮನುಷ್ಯ. "ಫಸ್ಟ್ ಕ್ಲಾಸ್ ಆತಲ್ರಿ," ಎಂದರು ಡಾಕ್ಟರಿಗೆ. "ನಮ್ಮ ಮನ್ಯಾಗ ಇಷ್ಟು ಯಾರೂ ತಗೊಂಡಿಲ್ಲ." ಆಯಾ ನಕ್ಕಳು, ಡಾಕ್ಟರು ನಕ್ಕರು, ನಾನು ಕುರ್ಚಿಯಲ್ಲಿ ಮಲಗಿಕೊಂಡೇ ಬಾಯಿ ತೆರೆದು, ಹಲ್ಲಿನ ಜಾಗ ಖಾಲಿಯಿದೆ ಎಂಬುದನ್ನೇ ಮರೆತು ನಕ್ಕೆ. ಬರುವಾಗ ಅಮೀನಗಡದಲ್ಲಿ ನಮ್ಮವರು ಬಸ್ಸಿನಿಂದಿಳಿದು ಓಡಿಹೋಗಿ ಕರದಂಟು ತಂದರು. ನನಗಲ್ಲ, ಅತ್ತೆಗೆ. ಆಕೆ ಅದನ್ನು ಚೀಪಿ ಚೀಪಿ ತಿನ್ನುತ್ತಾಳೆ. ಹಲ್ಲಿಲ್ಲದವರಿಗೆ ಹಲ್ಲು ಮುರಿಯುವ ಭಯವಿಲ್ಲ.

ಮುಂದೆ ಅಳತೆ ತೆಗೆದು ಹಲ್ಲು ಕೂಡಿಸಿದರು. ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸಿದ್ದರು. ಗೀರು ಮಾತ್ರ ಇರಲಿಲ್ಲ. ಕನ್ನಡಿಯಲ್ಲಿ ನೋಡಿ ಸ್ವಲ್ಪ ಹೊತ್ತು ಯಾರದೋ ಹಲ್ಲು ಎನ್ನಿಸಿತು, ಮರುದಿನಕ್ಕೆ ನನ್ನದಾಯಿತು. ಡಾಕ್ಟರು ಹೇಳಿದ ಪಥ್ಯ ಒಂದೇ, ಇನ್ನು ಎಳೆ ಕಚ್ಚುವಂತಿಲ್ಲ. ಮನೆಗೆ ಬಂದ ದಿನವೇ ಅತ್ತೆ ಒಂದು ಸಣ್ಣ ಕತ್ತರಿಗೆ ದಾರ ಕಟ್ಟಿ ನನ್ನ ಕೊರಳಿಗೆ ಹಾಕಿದಳು. ತಾಳಿಯ ಪಕ್ಕದಲ್ಲಿ ಕತ್ತರಿ. ನಮ್ಮವರು ಅದನ್ನು ನೋಡಿ ಒಂದು ಹೆಜ್ಜೆ ದೂರ ಸರಿದು ನಿಂತರು.

ಮುಂದಿನ ಹಾಸು ಬಿಗಿದಾಗ ಕೊಂಡಿಗೆ ನಾನೇ ಎಲ್ಲರನ್ನೂ ಕರೆದೆ. ಕಮಲಕ್ಕ ಬಂದಳು, ಓಣಿಯ ಉಳಿದವರು ಬಂದರು. ನನ್ನ ಹಳೆಯ ಜಾಗ ಖಾಲಿ ಇತ್ತು, ಅತ್ತೆಯ ಎದುರಿಗೆ. ಕೂತೆ. ಬೆರಳುಗಳು ಮರೆತಿರಲಿಲ್ಲ. ಕಮಲಕ್ಕ ಅದೇ ಚಪ್ಪಲಿಯ ಬೀಗರ ಮುಂದಿನ ಕಥೆ ಶುರು ಮಾಡಿದಳು. ಕಥೆ ಕೇಳುತ್ತ ಕೇಳುತ್ತ, ಎರಡು ಕೈಯಲ್ಲೂ ಎಳೆ, ನನಗೆ ಗೊತ್ತಿಲ್ಲದಂತೆಯೇ ಒಂದು ಎಳೆಯನ್ನು ಬಾಯಿಗೆ ಒಯ್ದೆ.

ಎಲ್ಲರೂ ಒಟ್ಟಿಗೆ ಹೋ ಎಂದರು. ಕಮಲಕ್ಕ ನನ್ನ ಮೊಣಕೈ ಹಿಡಿದಳು. ನಾನು ಬಾಯಿ ತೆರೆದವಳು ತೆರೆದಂತೆಯೇ ಕೂತೆ. ಅತ್ತೆ ಹಾಸಿನ ಆಚೆಯಿಂದ ಗಂಭೀರವಾಗಿ ಮುಖ ಮುಂದೆ ತಂದು ತನ್ನ ಬೊಚ್ಚು ಬಾಯಿ ತೆರೆದಳು.

"ಕೊಡಿಲ್ಲಿ," ಎಂದಳು. "ನಾ ಕಚ್ಚತೇನಿ."

ಕೈಗಳೆರಡೂ ಎಳೆಯಲ್ಲಿದ್ದವು, ಸೆರಗು ಬೆನ್ನ ಹಿಂದೆ ಇತ್ತು. ತಲೆ ಹಿಂದಕ್ಕೆ ಹಾಕಿ ನಕ್ಕೆ. ಒಳಗೆ ನಮ್ಮವರ ಮಗ್ಗ ನಿಂತಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಮಗ್ಗವೂ ನಿಂತಿತು.